ತಾನಾಗಿ ಆರಿದ ಬಿಲ್ಲೆ

ಮೊನ್ನೆ ಯಶವಂತಪುರದ ಯಾರ್ಡಿಗೆ ಬೆಳ್ಳುಳ್ಳಿ ತರಲು ಹೋಗಿದ್ದೆ. ಮಳೆ ಬಂದು ನಿಂತಿತ್ತು. ಒದ್ದೆ ಗೋಣಿಚೀಲಗಳ ನಡುವೆ ನಿಂತು ಒಂದು ಸಲ ಉಸಿರೆಳೆದುಕೊಂಡೆ ನೋಡಿ, ಬಾಯಿಂದ ಹೊರಟೇಹೋಯಿತು: "ರೇಣುಕಾ!" ಅಂಗಡಿಯವನು ತಲೆಯೆತ್ತಿ, "ರೇಣುಕಾ ಇಲ್ಲಮ್ಮ, ನಾಟಿ ಇದೆ, ಊಟಿ ಇದೆ, ಯಾವುದು ಕೊಡಲಿ?" ಎಂದ. ಹೆಣ್ಣುಮಗಳೊಬ್ಬಳ ನೆನಪು ಮಲ್ಲಿಗೆಯಿಂದಲೋ ಸಂಪಿಗೆಯಿಂದಲೋ ಬರಬೇಕು. ನನಗೆ ಈ ಹುಡುಗಿಯ ನೆನಪು ಬೆಳ್ಳುಳ್ಳಿಯಿಂದ ಬರುತ್ತದೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಅದು ಎರಡು ಸಾವಿರದ ಹದಿಮೂರರ ಮಳೆಗಾಲ. ಮತ್ತಿಕೆರೆಯಲ್ಲಿ ನಮ್ಮ ಮನೆಯ ಮಹಡಿ ಕೋಣೆಗೆ ಬಿಜಾಪುರದ ಕಡೆಯ ರೇಣುಕಾ ಬಾಡಿಗೆಗೆ ಬಂದಿದ್ದಳು. ಹತ್ತಿರದ ದೊಡ್ಡ ಸಂಸ್ಥೆಯೊಂದರಲ್ಲಿ ಡಾಕ್ಟರೇಟ್ ಓದು. ಏನು ಓದುತ್ತೀಯಮ್ಮಾ ಎಂದು ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಸಾಲು ಹೇಳುತ್ತಿದ್ದಳು. ಅದರಲ್ಲಿ ನನಗೆ ಗೊತ್ತಾಗುತ್ತಿದ್ದದ್ದು 'ಆಫ್' ಒಂದೇ.

ನಮ್ಮ ಮನೆಯಲ್ಲಿ ಆಗ ಮೂರೇ ಜನ: ನಾನು, ಯಜಮಾನರು, ನಮ್ಮ ಅತ್ತೆ. ಅತ್ತೆಯವರು ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದಾಗ ಸೊಸೆಯಾಗಿ ಬಂದವರು. ಅವರ ಬಾಯಲ್ಲಿ 'ಹ'ಕಾರಕ್ಕೆ ಜಾಗವಿರಲಿಲ್ಲ. ಹಾಲು ಆಲಾಗುತ್ತಿತ್ತು, ಹಬ್ಬ ಅಬ್ಬವಾಗುತ್ತಿತ್ತು.

ನನ್ನ ಅಭ್ಯಾಸವೊಂದನ್ನೂ ಇಲ್ಲೇ ಹೇಳಿಬಿಡಬೇಕು. ಅಡುಗೆಮನೆ ಬಾಗಿಲ ಹಿಂದೆ ತೂಗುವ ಕ್ಯಾಲೆಂಡರಿನಲ್ಲಿ, ಆಯಾ ದಿನದ ಚೌಕದೊಳಗೆ, ದೇವರು ಅವತ್ತು ಮಾಡಿದ ಸಣ್ಣ ಉಪಕಾರಗಳನ್ನು ಬರೆದಿಡುತ್ತೇನೆ. 'ಹಾಲು ಉಕ್ಕಲಿಲ್ಲ.' 'ಬಟ್ಟೆ ಒಣಗಿದ ಮೇಲೆ ಮಳೆ ಬಂತು.' 'ನಲ್ಲಿ ನೀರು ಬಂದಾಗ ಮನೆಯಲ್ಲೇ ಇದ್ದೆ.' ದೊಡ್ಡ ಉಪಕಾರಗಳನ್ನು ಯಾರೂ ಮರೆಯುವುದಿಲ್ಲ. ಸಣ್ಣವು ಮರೆತುಹೋದರೆ ದೇವರಿಗೆ ಬೇಜಾರಾಗಬಾರದಲ್ಲ. "ನಿನ್ನ ಕ್ಯಾಲೆಂಡರ್ ಓದಿದೋರಿಗೆ, ದೇವರಿಗೆ ನಮ್ಮನೆ ಹಾಲಿನ ಪಾತ್ರೆ ಕಾಯೋದು ಬಿಟ್ಟು ಬೇರೆ ಕೆಲಸ ಇಲ್ಲ ಅನ್ನಿಸುತ್ತೆ ಕಣೆ" ಎಂದು ಯಜಮಾನರು ನಗುತ್ತಿದ್ದರು.

ಆಷಾಢದ ಒಂದು ಭಾನುವಾರ ರೇಣುಕಾ ತನ್ನ ಓದು ಏನೆಂದು ನಮಗೆ ಮಾಡಿ ತೋರಿಸಿದಳು. ಬಿಸ್ಕತ್ತಿನಷ್ಟು ದೊಡ್ಡ ಒಂದು ಬಿಳಿ ಚಪ್ಪಟೆ ತುಂಡು, ಅದಕ್ಕೆ ಎರಡು ವೈರು, ವೈರಿನ ತುದಿಗೆ ಆಟಿಕೆಯ ಫ್ಯಾನು. ತುಂಡನ್ನು ತಣ್ಣೀರಿನ ತಟ್ಟೆಯ ಮೇಲಿಟ್ಟು, ಅದರ ಮೇಲೆ ಅತ್ತೆಯವರ ಕಾಫಿ ಲೋಟ ಇಟ್ಟಳು. ಫ್ಯಾನು ಗಿರಗಿರ ತಿರುಗಿತು. ಬ್ಯಾಟರಿ ಇಲ್ಲ, ಪ್ಲಗ್ಗಿಲ್ಲ. ನಾನು ಕೈಮುಗಿದೆ. ಅತ್ತೆಯವರು ಲೋಟ ಮುಟ್ಟಿ ನೋಡಿ, "ಕಾಪಿ ಆರೋಯ್ತು" ಎಂದರು.

"ಅಷ್ಟ ರಿ ಅಜ್ಜಿ ವಿಷಯ," ಎಂದಳು ರೇಣುಕಾ. "ಒಂದು ಕಡೆ ಬಿಸಿ, ಒಂದು ಕಡೆ ತಣ್ಣಗ ಇದ್ರ ಒಳಗಿಂದ ಕರೆಂಟ್ ಹರೀತದ. ಆದ್ರ ಬಿಸಿ ಹರಿದುಹೋಗಬಾರ್ದು. ಕರೆಂಟಿಗೆ ಬಾಗಿಲಾ ತಗೀಬೇಕು, ಬಿಸಿಗೆ ಬಾಗಿಲಾ ಹಾಕ್ಬೇಕು. ಬಾಗಿಲಾ ಒಂದ ರಿ. ಅದ ತ್ರಾಸು."

ಇದು ನನಗೆ ತಕ್ಷಣ ಅರ್ಥವಾಯಿತು. ನಮ್ಮ ಅತ್ತೆಯವರೂ ಒಂದೇ ಬಾಗಿಲಲ್ಲಿ ನಿಂತು ತಮ್ಮ ತವರಿನವರನ್ನು ಒಳಗೆ ಬಿಟ್ಟುಕೊಂಡು ನನ್ನ ತವರಿನವರನ್ನು ಹೊರಗೇ ಮಾತಾಡಿಸಿ ಕಳಿಸುತ್ತಿದ್ದರು. ಸಾಧ್ಯವಿದೆ, ಆದರೆ ತುಂಬಾ ವರ್ಷದ ಸಾಧನೆ ಬೇಕು.

ಆ ಬಿಳಿ ತುಂಡಿನ ಒಳಗಿರುವ ಕಪ್ಪು ಲೋಹದ ಬಿಲ್ಲೆಗಳನ್ನು ಮಾಡುವುದು ಅವಳ ಕೆಲಸ. ಲೋಹವನ್ನು ಚಿರೋಟಿ ರವೆಗಿಂತ ನಯವಾಗಿ ಅರೆಯಬೇಕು. ಕಣ ಸಣ್ಣಗಿದ್ದಷ್ಟೂ ಬಿಸಿಗೆ ಅಡ್ಡಿ ಹೆಚ್ಚು. ಆಮೇಲೆ ಬಿಲ್ಲೆಯಾಗಿ ಒತ್ತಿ, ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಮುಚ್ಚಿ, ಕರೆಂಟಿನ ಒಲೆಯಲ್ಲಿ ಮೂರು ದಿನ ಕಾಯಿಸಬೇಕು. ಅರೆದಾಗ ಲೋಹಕ್ಕೆ ಒಳಗೊಳಗೇ ಆದ ಪೆಟ್ಟು ಆ ಕಾವಿಗೆ ವಾಸಿಯಾಗಿ ಕರೆಂಟು ಸಲೀಸಾಗಿ ಹರಿಯುತ್ತದೆ. ಜಾಸ್ತಿ ಕಾಯಿಸಿದರೆ ಕಣಗಳು ಒಂದಕ್ಕೊಂದು ಸೇರಿ ದಪ್ಪವಾಗಿ ಬಿಸಿಯೂ ಸಲೀಸಾಗಿ ನುಗ್ಗುತ್ತದೆ. ಅದಕ್ಕೇ ಮೂರನೆಯ ದಿನ ಕೆಂಡದಂಥ ಕೊಳವೆಯನ್ನು ಇಕ್ಕಳದಲ್ಲಿ ತೆಗೆದು ಚೊರ್ ಅಂತ ತಣ್ಣೀರಿಗೆ ಹಾಕಬೇಕು. ಇದು ಅವಳ ಸರ್ ಹಾಕಿಕೊಟ್ಟ ಕ್ರಮ.

ಅತ್ತೆಯವರು ಎಲ್ಲ ಕೇಳಿಸಿಕೊಂಡು ಅಂದರು: "ಅದ ನೋಡ್ಕಂಡು ಇಳಿಸ್ಬೇಕು ಕಣಮ್ಮಿ."

"ಏನದ ರಿ ಅಜ್ಜಿ?"

"ಅದ."

"ಹೌದ್ರಿ, ಅದ. ಆದ್ರ ಏನದ?"

"ಅದಾ ಕಣೇ! ಪಾಕಕ್ಕೆ ಅದ ಇರಲ್ವಾ?"

"ಪಾಕದಾಗ ಏನದ ಅಂತ ನೀವ ಹೇಳ್ಬೇಕಲ್ರಿ!"

ಇಬ್ಬರ ದನಿಯೂ ಏರಿತು. ನಾನು ಸೌಟು ಹಿಡಿದುಕೊಂಡೇ ನಡುವೆ ಬಂದೆ. ಅತ್ತೆಯವರ 'ಅದ' ಎಂದರೆ ಹದ. ರೇಣುಕಾಳ 'ಅದ' ಎಂದರೆ ಇದೆ. ಬಿಡಿಸಿ ಹೇಳಿದ ಮೇಲೆ ಆ ಹುಡುಗಿ ನೆಲದ ಮೇಲೆ ಕೂತು ನಕ್ಕಳು. "ಹದ! ನಮ್ಮ ಸರ್ ಇದನ್ನ ಹೇಳ್ಲಿಕ್ಕೆ ಎರಡು ತಾಸು ಪಾಠ ಮಾಡ್ತಾರ್ರಿ. ನಿಮ್ದು ಎರಡ ಅಕ್ಷರದಾಗ ಮುಗೀತು."

ಶ್ರಾವಣ ಬಂತು, ತೊಂದರೆ ಶುರುವಾಯಿತು. ಆ ತಿಂಗಳು ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಸೇರಿಸುವುದಿಲ್ಲ. ರೇಣುಕಾ ಮೆಟ್ಟಿಲು ಇಳಿದು ಬಂದರೆ ಸಾಕು, ಬೆಳ್ಳುಳ್ಳಿ ಒಗ್ಗರಣೆಯೇ ನಡೆದು ಬಂದ ಹಾಗೆ. ಅತ್ತೆಯವರು ಮೂಗು ಅರಳಿಸುತ್ತಿದ್ದರು. "ಉಡ್ಗಿ ಕದ್ದು ತಿಂತಾವ್ಳೆ."

ಹುಡುಗಿ ಆಣೆ ಮಾಡಿದಳು. ಅರೆಯುವ ಲೋಹದಲ್ಲಿ ಟೆಲ್ಲೂರಿಯಂ ಅಂತ ಒಂದಿದೆಯಂತೆ. ಚಿಟಿಕೆಯ ಚಿಟಿಕೆ ಒಳಗೆ ಹೋದರೂ ದಿನಗಟ್ಟಲೆ ಉಸಿರು ಬೆಳ್ಳುಳ್ಳಿ ನಾರುತ್ತದಂತೆ. "ಬಾಯಿಗೆ ಬಟ್ಟೆ ಸರಿಯಾಗಿ ಕಟ್ಕೊ ಅಂತ ಸರ್ ಬೈತಾರ್ರಿ," ಎಂದಳು. "ನಮ್ ಕಾಲ್ದಾಗೆ ಇಂಥ ನೆಪ ಇರಲಿಲ್ಲ" ಎಂದರು ಅತ್ತೆ.

ಆ ಸಲ ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ಬೆಳಗಿನಿಂದ ಜಿಟಿಜಿಟಿ ಮಳೆ. ಅತ್ತೆಯವರ ಕ್ರಮದ ಪ್ರಕಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಐವರು ಮುತ್ತೈದೆಯರು, ಒಬ್ಬಳು ಕನ್ಯೆ ಮನೆಯಲ್ಲಿ ಕೂತಿರಬೇಕು. ಮುತ್ತೈದೆಯರು ಬಂದರು. ಕನ್ಯೆಯಾಗಬೇಕಿದ್ದ ನನ್ನ ತಮ್ಮನ ಮಗಳು ಬಸ್ಸಿನಲ್ಲಿ ಬರುತ್ತ ಹೆಬ್ಬಾಳದ ಸೇತುವೆ ಮೇಲೆ ಸಿಕ್ಕಿಕೊಂಡಳು. "ಅತ್ತೆ, ಮುಂದಿನ ಬಸ್ಸಿನ ಡ್ರೈವರ್ ಇಳಿದು ಟೀ ಕುಡೀತಿದ್ದಾನೆ" ಎಂದು ಫೋನು ಮಾಡಿದಳು. ಇನ್ನು ಆಸೆಯಿಲ್ಲ ಎಂದು ಗೊತ್ತಾಯಿತು.

ರೇಣುಕಾಳಿಗೆ ಫೋನು ಮಾಡಿದೆ. "ಏನ್ಮಾಡ್ತಿದೀಯಮ್ಮ?"

"ಒಲಿ ಮುಂದ ಕುಂತೀನ್ರಿ ಆಂಟಿ."

"ಒಲೆ ಆರಿಸಿ ಬಾ. ಈಗಲೇ. ಹತ್ತು ನಿಮಿಷದಲ್ಲಿ ಇಲ್ಲಿರಬೇಕು."

ಒಲೆ ಮುಂದೆ ಕೂತ ಯಾವ ಹೆಂಗಸಿಗೂ ಹೇಳುವ ಮಾತನ್ನೇ ನಾನು ಹೇಳಿದ್ದು. ಫೋನಿಟ್ಟ ಮೇಲೆ ಬೆಳ್ಳುಳ್ಳಿ ನೆನಪಾಯಿತು. ನೆಟ್ಟಗೆ ಕ್ಯಾಲೆಂಡರಿನ ಹತ್ತಿರ ಹೋಗಿ ಆ ದಿನದ ಚೌಕದಲ್ಲಿ ಬರೆದೆ: 'ಅತ್ತೆ ಬೆಳ್ಳುಳ್ಳಿ ಮಾತೆತ್ತಲಿಲ್ಲ.' ಇನ್ನೂ ಆಗದ ಉಪಕಾರವನ್ನು ಮುಂಚಿತವಾಗಿ ಬರೆದುಬಿಟ್ಟರೆ ದೇವರಿಗೂ ಸ್ವಲ್ಪ ದಾಕ್ಷಿಣ್ಯವಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ರೇಣುಕಾ ಬಂದಳು, ಅಂಚು ಒದ್ದೆಯಾದ ಚೂಡಿದಾರ, ಏದುಸಿರು, ಏದುಸಿರಿನ ತುಂಬ ಬೆಳ್ಳುಳ್ಳಿ. "ಒಲಿ ಆರಿಸಿ ಎಲ್ಲಾ ಇದ್ದಂಗ ಬಿಟ್ಟು ಓಡಿ ಬಂದೀನ್ರಿ ಆಂಟಿ" ಎಂದಳು. ಕೂರಿಸಿ ಅರಿಶಿನ ಕುಂಕುಮ ಕೊಟ್ಟೆ. ಅತ್ತೆಯವರು ಐವರು ಮುತ್ತೈದೆಯರಿಗೂ ಕೇಳುವಂತೆ ಅಂದರು: "ಲಕ್ಸ್ಮಿ ಮುಂದೆ ಒಗ್ಗರಣೆ ಕೂತ್ಕಂಡೈತೆ." ಎಲ್ಲರೂ ಕಳಸದ ಕಡೆ ನೋಡಿದರು. ರೇಣುಕಾ ಮಾತ್ರ ಏನೂ ತಿಳಿಯದೆ ಮೂರು ಹೋಳಿಗೆ ತಿಂದಳು. ಎಲ್ಲ ಮುಗಿದ ಮೇಲೆ ನಾನು ಮತ್ತೆರಡು ಸಾಲು ಬರೆದೆ: 'ಕನ್ಯೆ ಸಿಕ್ಕಳು. ರೇಣುಕಾ ಒಲೆ ಆರಿಸಿ, ಎಲ್ಲ ಇದ್ದ ಹಾಗೇ ಬಿಟ್ಟು ಓಡಿಬಂದಳು.' ಮೊದಲಿನ ಸಾಲನ್ನು ಹೊಡೆದುಹಾಕಬೇಕಿತ್ತು. ಹಬ್ಬದ ದಿನ ಬೇಡ ಅಂತ ಬಿಟ್ಟೆ.

ಮಾರನೆಯ ದಿನ ಅವಳು ಊರಿಗೆ ಹೋಗಿ ಸೋಮವಾರ ಬಂದಳು. ಅದಾಗಿ ಒಂದು ವಾರಕ್ಕೆ ಮೆಟ್ಟಿಲು ಹಾರಿಕೊಂಡು ಬಂದು ನನ್ನನ್ನು ತಬ್ಬಿದಳು. ಹದಿನೇಳನೆಯ ಬಿಲ್ಲೆ ಚೆನ್ನಾಗಿ ಬಂದಿದೆ! ಕರೆಂಟು ಸರಾಗ, ಬಿಸಿಗೆ ತಡೆ. ಮೂರು ವರ್ಷ ಮಾಡಿದ ಯಾವುದೂ ಹಾಗೆ ಬಂದಿರಲಿಲ್ಲ.

"ಇನ್ನೊಂದು ಹೀಗೇ ಮಾಡು" ಎಂದರಂತೆ ಸರ್.

ಮಾಡಿದಳು. ಬರಲಿಲ್ಲ. ಮತ್ತೆ ಮಾಡಿದಳು. ಬರಲಿಲ್ಲ. ಗಣಪತಿ ಬಂದ, ನೀರಿಗೂ ಹೋದ. ಬಿಲ್ಲೆ ಮಾತ್ರ ಹದಿನೇಳರ ಹಾಗೆ ಆಗಲಿಲ್ಲ. ಮೇಲಿನ ಕೋಣೆಯಲ್ಲಿ ಹಾಡು ನಿಂತಿತು. ಕೊಟ್ಟ ಸಾರು ಕೊಟ್ಟ ಹಾಗೇ ತಣ್ಣಗೆ ಕೆಳಗೆ ಬರತೊಡಗಿತು.

ಮಹಾಲಯ ಪಕ್ಷದ ಒಂದು ಮಧ್ಯಾಹ್ನ ಅವಳು ಅಡುಗೆಮನೆಗೆ ಬಂದು ಅಕ್ಕಿ ಡಬ್ಬದ ಮೇಲೆ ಕೂತಳು. ಕಣ್ಣು ಊದಿತ್ತು.

"ನವರಾತ್ರಿ ಶುರು ಆಗೋದ್ರೊಳಗ ಬರ್ಲಿಲ್ಲಂದ್ರ ಈ ವಿಷಯ ಬಿಟ್ಟು ಬೇರೆ ಹಿಡಿ ಅಂದಾರ್ರಿ ಸರ್. ಮೂರು ವರ್ಷದ್ದು ನೀರಾಗ ಹೋತು. ಅದೂ ಹೋಗ್ಲಿ. ಆ ಒಂದು ಬಿಲ್ಲಿದು ನಾನು ಸುಳ್ಳು ಬರದೀನಿ ಅಂತ ಅವರ ಮನಸಿನಾಗ ಬಂದದ. ಬಾಯಿ ಬಿಟ್ಟು ಅನ್ನಂಗಿಲ್ಲ, ಆದ್ರ ಅವರ ಮುಖ ನೋಡಿದ್ರ ತಿಳೀತದ."

ತನ್ನ ದಪ್ಪ ನೋಟ್‌ಬುಕ್ ತೆರೆದು ತೋರಿಸಿದಳು. ಒಂದೊಂದು ಬಿಲ್ಲೆಗೂ ಒಂದೊಂದು ಪುಟ. ಎಲ್ಲ ಪುಟದಲ್ಲೂ ಅದೇ ಐದು ಸಾಲು. ಅಷ್ಟೇ ಅರೆದದ್ದು, ಅಷ್ಟೇ ಒತ್ತಿದ್ದು, ಅಷ್ಟೇ ಕಾವು, ಅಷ್ಟೇ ಹೊತ್ತು, ಕೊನೆಗೆ ನೀರು.

"ಹದಿನೇಳರದ್ದು ಯಾವ ದಿನ ಇಳಿಸಿದ್ದು?"

ತಾರೀಖು ಹೇಳಿದಳು. ತಾರೀಖು ನನ್ನ ತಲೆಗೆ ಹತ್ತುವುದಿಲ್ಲ. ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಡಿಸಿ ನೋಡಿದೆ. ಚೌಕದಲ್ಲಿ ಪುಟ್ಟ ಕಳಸದ ಚಿತ್ರ. ಕೆಳಗೆ ನನ್ನ ಕೈಬರಹ. ಗಟ್ಟಿಯಾಗಿ ಓದಿದೆ, ಮೊದಲ ಸಾಲು ಬಿಟ್ಟು: "ರೇಣುಕಾ ಒಲೆ ಆರಿಸಿ, ಎಲ್ಲ ಇದ್ದ ಹಾಗೇ ಬಿಟ್ಟು ಓಡಿಬಂದಳು."

ಓದಿ ನಿಲ್ಲಿಸಿದೆ. ಆಮೇಲೆ ಕೇಳಿದೆ. "ಅಲ್ಲ ಕಣಮ್ಮ, ಇದ್ದ ಹಾಗೇ ಬಿಟ್ಟು ಬಂದೆ ಅಂದಮೇಲೆ, ಅದನ್ನ ನೀರಿಗೆ ಹಾಕಿದ್ದು ಯಾರು?"

ಅವಳ ಬಾಯಿ ಸ್ವಲ್ಪ ತೆರೆದುಕೊಂಡೇ ಇತ್ತು. ಅಡುಗೆಮನೆ ತುಂಬ ಬೆಳ್ಳುಳ್ಳಿಯ ವಾಸನೆ ಹರಡಿತು.

"ಯಾರೂ ಹಾಕಿಲ್ರಿ," ಎಂದಳು.

ಯಾರೂ ಹಾಕಿರಲಿಲ್ಲ. ಕೊಳವೆ ಆರಿಸಿದ ಒಲೆಯೊಳಗೇ ಕೂತು ತಾನಾಗಿ, ನಿಧಾನಕ್ಕೆ, ಮಾರನೆಯ ದಿನದವರೆಗೆ ಆರಿತ್ತು. ಒಲೆ ಬೇಕಿದ್ದ ಇನ್ಯಾರೋ ಅದನ್ನು ತೆಗೆದು ಅವಳ ತಟ್ಟೆಯಲ್ಲಿ ಇಟ್ಟಿದ್ದರು. ಸೋಮವಾರ ಬಂದವಳು ಉಳಿದವುಗಳ ಜೊತೆ ಇದನ್ನೂ ಎತ್ತಿಕೊಂಡಿದ್ದಳು. ಮತ್ತೆ ನೋಟ್‌ಬುಕ್ಕಿನಲ್ಲಿ 'ನೀರು' ಅಂತ ಹೇಗೆ ಬಂತು? ಐದೂ ಸಾಲನ್ನು ಅವಳು ಬಿಲ್ಲೆ ಇಳಿಸುವ ದಿನ ಬೆಳಿಗ್ಗೆಯೇ ಬರೆದಿಡುತ್ತಿದ್ದಳು. ಹೇಗಿದ್ದರೂ ಪ್ರತಿ ಸಲ ಅದೇ ತಾನೇ. ಹಿಂದೆ ನಾವು ಮನೆಯಲ್ಲಿ ಮೂವರು ಜ್ವರದಿಂದ ಮಲಗಿದ್ದರೂ ಕಾಗದದ ಮೇಲ್ಗಡೆ 'ಇಲ್ಲಿ ನಾವೆಲ್ಲರೂ ಕ್ಷೇಮ' ಅಂತ ಬರೆಯುತ್ತಿರಲಿಲ್ಲವೇ, ಹಾಗೆ.

ಖುಷಿ ಅರ್ಧ ನಿಮಿಷವೂ ಉಳಿಯಲಿಲ್ಲ. "ಆಂಟಿ, ಇದನ್ನ ಸರ್‌ಗೆ ಹೇಳಿದ್ರ ನಾ ಸುಳ್ಳು ಬರದದ್ದು ಖರೇ ಆಗ್ತದ್ರಿ."

"ಏಳ್ದೆ ಇದ್ರೂ ಆಯ್ತದೆ," ಎಂದರು ಅತ್ತೆಯವರು ಬಾಗಿಲಲ್ಲಿ ನಿಂತು. "ನಡಿ. ನಾವೂ ಬತ್ತೀವಿ. " ಆಮೇಲೆ ನನ್ನ ಕಡೆ ತಿರುಗಿದರು: "ಜಯಾ, ಆ ಕ್ಯಾಲೆಂಡ್ರು ತಕ್ಕೋ."

ಮಾರನೆಯ ದಿನ ಮೂವರೂ ಆಟೋದಲ್ಲಿ ಹೋದೆವು, ಸುರುಳಿ ಸುತ್ತಿದ ಕ್ಯಾಲೆಂಡರು ನನ್ನ ತೊಡೆಯ ಮೇಲೆ. ಗೇಟಿನವನು ಯಾಕೆ ಬಂದಿರಿ ಎಂದ. "ಕ್ಯಾಲೆಂಡರ್ ತೋರಿಸ್ಬೇಕಿತ್ತು" ಎಂದೆ. "ಮಾರೋರಿಗೆ ಒಳಗೆ ಬಿಡಲ್ಲ ಅಮ್ಮ" ಎಂದ. ರೇಣುಕಾ ಗುರುತಿನ ಚೀಟಿ ತೋರಿಸಬೇಕಾಯಿತು.

ಸರ್ ತೆಳ್ಳಗಿನ, ಗಂಭೀರ ಮನುಷ್ಯ. ಎದ್ದು ನಿಂತು, "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದು ಅತ್ತೆಯವರಿಗೆ ತಮ್ಮ ಕುರ್ಚಿಯನ್ನೇ ಕೊಟ್ಟರು. ರೇಣುಕಾ ನಿಂತುಕೊಂಡೇ ಎಲ್ಲ ಹೇಳಿದಳು, ಬೆಳಿಗ್ಗೆಯೇ ಬರೆದಿಡುತ್ತಿದ್ದುದನ್ನೂ ಬಿಡದೆ. ಅವರು ಕ್ಯಾಲೆಂಡರನ್ನು ಮೇಜಿನ ಮೇಲೆ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, ಆ ಚೌಕವನ್ನು ಮೊದಲ ಸಾಲಿನಿಂದ ಓದತೊಡಗಿದರು.

"ಅತ್ತೆ ಬೆಳ್ಳುಳ್ಳಿ ಮಾತೆತ್ತಲಿಲ್ಲ..."

"ಸುಳ್ಳು!" ಎಂದರು ಅತ್ತೆ. "ಎತ್ತಿದ್ನಲ್ಲ! ಎಲ್ಲಾರ ಮುಂದೇನೇ ಎತ್ತಿದ್ನಲ್ಲ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಸರ್ ನನ್ನ ಮುಖ ನೋಡಿದರು. ನಾನು ಒಪ್ಪಿಕೊಂಡೆ. "ಅದು... ಅದನ್ನ ನಾನು ಮುಂಚೆನೇ ಬರೆದಿಟ್ಟೆ ಸರ್. ಹಾಗಾಗ್ಲಿ ಅಂತ."

"ಅಂದ್ರೆ," ಎಂದರು ಅವರು ನಿಧಾನಕ್ಕೆ, "ಆ ಬುಕ್ಕೂ ಮುಂಚೆನೇ ಬರೆದಿದ್ದು, ಈ ಕ್ಯಾಲೆಂಡರೂ ಮುಂಚೆನೇ ಬರೆದಿದ್ದು. ನಾನು ಯಾವುದನ್ನ ನಂಬಲಿ ತಾಯಿ?"

ರೇಣುಕಾ ತಲೆ ತಗ್ಗಿಸಿದಳು. ನನ್ನ ಒಂದು ದುರಾಸೆಯ ಸಾಲು ಅವಳ ಮೂರು ವರ್ಷವನ್ನು ತಿನ್ನಲು ಹೊರಟಿತ್ತು. ಮನಸ್ಸಿನಲ್ಲೇ ಆ ತಾಯಿ ಮಹಾಲಕ್ಷ್ಮಿಗೆ ಕೈಮುಗಿದು ಮತ್ತೆ ಚೌಕ ನೋಡಿದೆ. ಆಗ ಕಂಡಿತು. ಕೊನೆಯ ಸಾಲಿನ ಮೇಲೆ ಕೆಂಪು ಮಸಿ ಹಿಡಿದ ಹಾಗೆ ನನ್ನ ಹೆಬ್ಬೆಟ್ಟಿನ ಗುರುತು.

"ಸರ್, ಇದು ಕುಂಕುಮ. ಈ ಸಾಲನ್ನ ಹುಡುಗಿಗೆ ಕುಂಕುಮ ಕೊಟ್ಟು ಬಂದಮೇಲೆ ಬರೆದಿದ್ದು. ಮೊದಲನೇ ಸಾಲು ನೋಡಿ, ಶುಭ್ರವಾಗಿದೆ."

ಸರ್ ಭೂತಗನ್ನಡಿ ತರಿಸಿದರು. ಬಿಲ್ಲೆ ನೋಡುವ ಹಾಗೆ ನನ್ನ ಹೆಬ್ಬೆಟ್ಟನ್ನು ಬಗ್ಗಿ ನೋಡಿದರು. "ಇಂಕು ಒಣಗೋ ಮುಂಚೆ ಕುಂಕುಮ ತಾಗಿ ಕಲಸಿಕೊಂಡಿದೆ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಗಂಭೀರ ಮುಖದ ತುದಿಯಲ್ಲಿ ಎಲ್ಲೋ ನಗು ಅಲುಗಿತು. "ಸರಿ. ಇಷ್ಟರಿಂದ ಏನೂ ಸಾಬೀತಾಗಲ್ಲ. ಆದ್ರೆ ಇನ್ನೊಂದು ಬಿಲ್ಲೆ ಮಾಡೋಕೆ ಇಷ್ಟು ಸಾಕು. ಈ ಸಲ ನೀರಿಗೆ ಹಾಕ್ಬೇಡ ರೇಣುಕಾ. ಒಲೆಯಲ್ಲೇ ಆರಲಿ. ಬುಕ್ಕಲ್ಲಿ ಆದಮೇಲೆ ಬರಿ."

ಅತ್ತೆಯವರಿಗೆ ಸಮಾಧಾನವಾಗಿರಲಿಲ್ಲ. "ನೀರಿಗಾಕು ಅಂತ ಈ ಉಡ್ಗೀಗೆ ಏಳಿದ್ಯಾರಪ್ಪಾ?"

"ನಾನೇ ಅಮ್ಮ."

"ಕಾದ ಕಲ್ ಬಾಣ್ಲೀನ ತಣ್ಣೀರಿಗಾಕಿದ್ರೆ ಸೀಳು ಬಿಡಲ್ವಾ?"

ನಾವು ಹೊರಡುವ ಮೊದಲು ಸರ್ ಹಳೆಯ ಬಿಲ್ಲೆಗಳನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಡಲು ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ನೀರಿಗೆ ಬಿದ್ದವುಗಳಲ್ಲಿ ಕೂದಲಿಗಿಂತ ತೆಳುವಾದ ಸೀಳುಗಳಿದ್ದವಂತೆ. ಕರೆಂಟು ಅಲ್ಲೇ ಮುಗ್ಗರಿಸುತ್ತಿದ್ದದ್ದು.

ಮೂರು ದಿನ ಕಾಯಿಸುವುದು, ಒಂದು ದಿನ ಆರಲು ಬಿಡುವುದು. ಆ ನಾಲ್ಕು ದಿನ ಮತ್ತಿಕೆರೆಯಲ್ಲಿ ಗುಡುಗು ಗುಡುಗಿದಾಗಲೆಲ್ಲ ಅತ್ತೆಯವರು ಮೇಲೆ ನೋಡಿ, "ಕರೆಂಟ್ ತೆಗೀಬ್ಯಾಡ್ರಪ್ಪೋ" ಎನ್ನುತ್ತಿದ್ದರು; ದೇವರಿಗೋ ವಿದ್ಯುತ್ ಇಲಾಖೆಗೋ ಗೊತ್ತಿಲ್ಲ. ಕರೆಂಟು ಹೋಗಲಿಲ್ಲ. ನಾನು ಅದನ್ನು ಬರೆದದ್ದು ನಾಲ್ಕನೆಯ ದಿನ ಕಳೆದ ಮೇಲೆಯೇ.

ನವರಾತ್ರಿಯ ಮೊದಲ ದಿನ. ಗೊಂಬೆ ಮೆಟ್ಟಿಲಿಗೆ ಬಿಳಿ ಪಂಚೆ ಹಾಸುತ್ತಿದ್ದೆ. ಗೇಟು ದಡಾರೆಂದಿತು. ರೇಣುಕಾ ಒಳಗೆ ಬಂದು ಗೋಡೆ ಹಿಡಿದು ನಿಂತಳು.

ಅತ್ತೆಯವರು ಕೂತಲ್ಲಿಂದಲೇ ಕೇಳಿದರು: "ಅದ?"

"ಅದ ಅದ ರಿ ಅಜ್ಜಿ!" ಎಂದಳು ರೇಣುಕಾ, ಅಳುತ್ತ ನಗುತ್ತ. "ಅದ ಅದ!"

ಅವತ್ತು ಯಾರೂ ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಅತ್ತೆಯವರು ಅವಳನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿ, "ಇನ್ನು ಮೇಲಾದ್ರೂ ಬಾಯಿಗೆ ಬಟ್ಟೆ ಕಟ್ಕಳಮ್ಮಿ" ಎಂದರು. ನೆಪವನ್ನು ನಂಬಿದ್ದರು ಎಂದಾಯಿತು.

ಆ ಚೌಕದ ಹಾಳೆಯ ಜೆರಾಕ್ಸ್ ಪ್ರತಿ ಇವತ್ತಿಗೂ ಅವಳ ನೋಟ್‌ಬುಕ್ಕಿನಲ್ಲಿ ಹದಿನೇಳನೆಯ ಬಿಲ್ಲೆಯ ಪುಟಕ್ಕೆ ಅಂಟಿಕೊಂಡಿದೆಯಂತೆ. ಸರ್ ಅಂಟಿಸಲು ಹೇಳಿದರಂತೆ, ಮೇಲಿನ ಕಳಸದ ಚಿತ್ರವನ್ನು ಕತ್ತರಿಸಬೇಡ ಎಂದೂ ಹೇಳಿದರಂತೆ. ಅವಳೀಗ ಯಾವುದೋ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಅತ್ತೆಯವರು ಈಗಿಲ್ಲ. ಆದರೆ ಪಾಕ ಹಿಡಿದಾಗಲೆಲ್ಲ ನನ್ನ ಬಾಯಲ್ಲೂ 'ಹ' ಬರುವುದಿಲ್ಲ.

ಯಾರ್ಡಿನಿಂದ ತಂದ ಬೆಳ್ಳುಳ್ಳಿ ಬಿಡಿಸುತ್ತ ಇದನ್ನು ಬರೆದೆ. ಒಲೆಯ ಮೇಲೆ ಹಾಲಿದೆ. ಇವತ್ತಿನ ಚೌಕ ಇನ್ನೂ ಖಾಲಿ. ಉಕ್ಕುತ್ತದೋ ಇಲ್ಲವೋ ನೋಡಿಕೊಂಡು ಆಮೇಲೆ ಬರೆಯುತ್ತೇನೆ.